ಕಾದ ಮೇಲೆ ಕುದುರುವ ಟೀವಿ

ಹಳೆಯ ಟೀವಿ ರಿಪೇರಿಗೆ ಬೈಲಹೊಂಗಲದಲ್ಲಿ ಪೀರಸಾಬರನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂದು ಜನ ಹೇಳುತ್ತಿದ್ದರು. (ಪೀರಸಾಬರೂ ಹೇಳುತ್ತಿದ್ದರು.) ಕಪ್ಪು-ಬಿಳುಪು ಟೀವಿಯ ಹೊಟ್ಟೆಯಲ್ಲಿರುವ ತಂತಿಸುರುಳಿಯ ಕಾಯಿಲುಗಳ ತಿರುಪನ್ನು ಕೂದಲೆಳೆಯಷ್ಟು ತಿರುವಿ, ಚಿತ್ರ, ದನಿ ಎರಡನ್ನೂ ಹದಕ್ಕೆ ತರುವುದು ಅವರ ವಿದ್ಯೆ; ರಿಪೇರಿಯೆಲ್ಲ ಮನೆಯ ಪಡಸಾಲೆಯಲ್ಲೇ. ಕಬ್ಬಿಣ ಸೋಕಿದರೆ ಹದ ಕೆಡುತ್ತದೆಂದು ಪ್ಲಾಸ್ಟಿಕ್ ಸ್ಕ್ರೂಡ್ರೈವರ್ ಸದಾ ಅವರ ಜೇಬಿನಲ್ಲೇ ಇರುತ್ತಿತ್ತು. ಜೊತೆಗೊಂದು ಮಹಾಸಿದ್ಧಾಂತ: ತಿರುಪು ಮುಗಿದ ಮೇಲೆ ಟೀವಿ ಹಚ್ಚಿಟ್ಟು ನಮಾಜಿಗೆ ಹೋಗಬೇಕು, ಬರುವಷ್ಟರಲ್ಲಿ ಅದು ಕಾದು ಚಿತ್ರ ತಾನೇ ಕುದುರುತ್ತದೆ. ಮೂವತ್ತು ವರ್ಷ ಹಾಗೇ ಆಗಿತ್ತು. ಇದನ್ನು ನಂಬಿ ರಾಮದುರ್ಗದ ಶಿಷ್ಯ ಹಣಮಂತಪ್ಪ ತನ್ನ ಅಂಗಡಿಯಲ್ಲಿ ಮೂರು ತಾಸು ಕಾಯಿಸಿ, ಗಿರಾಕಿಯ ಟೀವಿಯಿಂದ ಹೊಗೆ ಎಬ್ಬಿಸಿದಾಗ, ಅವನಿಗೆ ಶ್ರದ್ಧೆ ಸಾಲದೆಂದು ಗುರುಗಳು ತೀರ್ಪು ಕೊಟ್ಟಿದ್ದರು.

ಈಗ ಕಾಲೇಜಿನವರು ಹಳೆಯ ವಸ್ತುಗಳ ಪ್ರದರ್ಶನಕ್ಕೆ ಅವರ ಮನೆಯ ಟೀವಿಯನ್ನೇ ಕೇಳಿದ್ದರು. ನಾಳೆ ಬೆಳಿಗ್ಗೆ ಊರೆಲ್ಲ ನೋಡುವುದು. ಹಳೆಯ ಪ್ರಸಾರ ನಿಂತುಹೋಗಿದ್ದರಿಂದ ಕ್ಯಾಸೆಟ್ಟಿನ ವಿಸಿಆರ್ ಜೋಡಿಸಿ ಎರಡು ದಿನ ತಿರುಪು ತಿರುವಿದರು; ಎಂಟು ಸಲ ಟೀವಿ ಹಚ್ಚಿಟ್ಟು ನಮಾಜಿಗೆ ಹೋಗಿ ಬಂದರು. ಆದರೂ ಚಿತ್ರದಲ್ಲಿ ಪ್ರತಿಯೊಬ್ಬನಿಗೂ ಎರಡು ಮೂಗು, ದನಿಯಲ್ಲಿ ಜೇನುಹುಳದ ಗುಂಯ್‌ಗುಟ್ಟುವಿಕೆ. ಗಳಿಸಿದ ಹೆಸರು ಮಣ್ಣುಪಾಲಾಯಿತೆಂದು ಅವರಿಗೆ ಊಟ ಸೇರಲಿಲ್ಲ.

ಆ ಎರಡು ದಿನವೂ ಕಿತ್ತೂರಿನಲ್ಲಿ ಮಗಳ ಮನೆಯಲ್ಲಿದ್ದ ಹೆಂಡತಿ ಜಮೀಲಾಬಿ ಸಂಜೆಯ ಬಸ್ಸಿಗೆ ಬಂದಿಳಿದಳು. ಟೀವಿ ನೋಡಿದಳು, ಗಂಡನ ಮುಖ ನೋಡಿದಳು.

“ನಮಾಜಿನ ಹೊತ್ತಾತು, ಹೋಗಿ ಬರ್ರಿ. ಅದು ಕಾಯಲಿ,” ಎಂದಳು.

ಕಾಯಿಸಿ ಕಾಯಿಸಿ ಸಾಕಾಗಿದೆ ಎಂದು ಗೊಣಗುತ್ತ ಹೊರಟವರು, ಟೋಪಿ ಮರೆತದ್ದು ನೆನಪಾಗಿ ಅರ್ಧ ದಾರಿಯಿಂದ ಹಿಂದಿರುಗಿದರು. ಬಾಗಿಲಲ್ಲೇ ಕಾಲು ನಿಂತವು. ಜಮೀಲಾಬಿ ಟೀವಿಯ ಹಿಂದೆ ಕುಳಿತಿದ್ದಳು. ಟೀವಿಯೆದುರು ಗಂಡ ಗಡ್ಡ ಕತ್ತರಿಸಿಕೊಳ್ಳುವ ಕನ್ನಡಿ ನಿಲ್ಲಿಸಿ, ಅದರಲ್ಲಿ ಚಿತ್ರ ನೋಡುತ್ತ, ಸ್ವೆಟರ್ ಹೆಣೆಯುವ ಪ್ಲಾಸ್ಟಿಕ್ ಕಡ್ಡಿಯಿಂದ ತಿರುಪು ತಿರುವುತ್ತಿದ್ದಳು. ಕಡ್ಡಿಯ ತುದಿ ತಿರುವಿ ತಿರುವಿ ಸವೆದುಹೋಗಿತ್ತು. ಎರಡು ಮೂಗು ಮೆಲ್ಲಗೆ ಸರಿದು ಒಂದಾದವು; ಜೇನುಹುಳವೂ ಸುಮ್ಮನಾಯಿತು.

ಮೂವತ್ತು ವರ್ಷ ಟೀವಿಗಳು ತಾವೇ ಕುದುರಿದ್ದು ಹೇಗೆಂದು ಪೀರಸಾಬರಿಗೆ ಆಗ ತಿಳಿಯಿತು. ಸಿಟ್ಟು ಬರಬೇಕಿತ್ತು, ಬಂದದ್ದು ಮೆಚ್ಚುಗೆ. ಎಂಥ ಹದವಾದ ಕೈ! ಇಂಥ ಶಿಷ್ಯ ಅವರಿಗೆ ಒಬ್ಬನೂ ಸಿಕ್ಕಿರಲಿಲ್ಲ. ಸದ್ದಿಲ್ಲದೆ ತಲೆಗೆ ಕರವಸ್ತ್ರ ಕಟ್ಟಿಕೊಂಡು ಮಸೀದಿಗೆ ನಡೆದರು.

ಮರಳಿದಾಗ ಟೀವಿ ಸೊಗಸಾಗಿ ಆಡುತ್ತಿತ್ತು, ಜಮೀಲಾಬಿ ರೊಟ್ಟಿ ಬಡಿಯುತ್ತಿದ್ದಳು. ಗುರುಗಳ ಮಾನವಾದರೂ ಉಳಿಯಬೇಕಲ್ಲ.

“ನೋಡಿದೇನ, ಕಾದ ಮ್ಯಾಲೆ ಹೆಂಗ ಕುದುರೇತಿ,” ಎಂದರು.

“ಹೌದ್ರಿ,” ಎಂದಳು ಅವಳು, ರೊಟ್ಟಿಯಿಂದ ಕಣ್ಣೆತ್ತದೆ. “ಟೋಪಿ ಗೂಟದ ಮ್ಯಾಲೈತಿ. ನೀವು ಬಾಗಲದಾಗ ನಿಂತಿದ್ದು ಕನ್ನಡ್ಯಾಗ ಕಂಡಿತ್ರಿ, ಆಗ ಕೊಡಬೇಕಂದ್ರ ಕೈ ಖಾಲಿ ಇರಲಿಲ್ಲ.”