ರಾಧಾಮಣಿಯ ಜರಡಿ

ಮಳೆಯ ಮೊದಲ ಹನಿ ಸಂಜಯನಗರದ ನಮ್ಮ ಅಡ್ಡರಸ್ತೆಯನ್ನು ಮುಟ್ಟುವ ಮುಂಚೆಯೇ ನನ್ನ ಹೆಂಡತಿ ರಾಧಾಮಣಿ ಮೋರಿ ಮುಟ್ಟಿರುತ್ತಾಳೆ. ಇದು ಈಗ ಪುರಾಣವೇ ಆಗಿಬಿಟ್ಟಿದೆ. ಒಲೆಯ ಮೇಲೆ ಒಗ್ಗರಣೆ ಸಿಡಿಯುತ್ತಿರಲಿ, ಬಾಗಿಲಲ್ಲಿ ಬೀಗರೇ ನಿಂತಿರಲಿ, ಗುಡುಗಿದ್ದೇ ತಡ, ಸೆರಗು ಸಿಕ್ಕಿಸಿ, ಕೋಲಿಗೆ ಕಟ್ಟಿದ ಹಳೇ ಹಿಟ್ಟಿನ ಜರಡಿ ಹಿಡಿದು ರಣರಂಗಕ್ಕೆ ಧುಮುಕುತ್ತಾಳೆ. ನೀರು ಹೊತ್ತು ತಂದ ಕವರು, ಹೊಂಗೆ ಎಲೆ, ಶಾಂಪೂ ಪೊಟ್ಟಣ ಎಲ್ಲಕ್ಕೂ ಜರಡಿಯಲ್ಲೇ ಬಂಧನ. ನೀರಿಗೆ ಮಾತ್ರ ಹೆಬ್ಬಾಳ ಕೆರೆ ಕಡೆ ಬಿಡುಗಡೆ.

"ರೀ, ಬಂದು ಕೊಡೆ ಹಿಡೀರಿ!"

"ಶೀತ ಆಗುತ್ತೆ ಕಣೇ ನಂಗೆ."

"ಹಾಗಾದ್ರೆ ಒಳಗೇ ಕೂತು ಕೆಮ್ಮಿ!"

(ಈ ಕೆಮ್ಮಿನದೊಂದು ಗುಟ್ಟಿದೆ, ನಿಮ್ಮಲ್ಲೇ ಇರಲಿ. ಯುಗಾದಿ ದಿನ ಅವಳ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿ ಸಿಗರೇಟು ಬಿಟ್ಟೆ, ಮನೆಯೊಳಗೆ. ಆಣೆ ಮುರಿದರೆ ಬದುಕಿರುವವರೆಗೂ ಪಾತ್ರೆ ತೊಳೆಯುವ ಶಿಕ್ಷೆ. ಹಾಗಾಗಿ ಟೆರೇಸಿನಲ್ಲಿ ದಿನಕ್ಕೆ ಎರಡೇ ಎರಡು. ತುಂಡನ್ನು ಮಳೆನೀರಿನ ಪೈಪಿಗೆ ಹಾಕಿದರೆ ಮುಂದಿನದು ವರುಣದೇವನ ಜವಾಬ್ದಾರಿ. ಇಂಥ ಏರ್ಪಾಡು ಚಾಣಕ್ಯನಿಗೂ ಹೊಳೆದಿರಲಿಲ್ಲ.)

ಕಳೆದ ವಾರದ ಮಳೆಗೆ ಪಕ್ಕದ ರಸ್ತೆಗಳೆಲ್ಲ ಮೊಣಕಾಲುದ್ದ ಮುಳುಗಿದವು. ನಮ್ಮದರಲ್ಲಿ ಮಾತ್ರ ನೀರು ನಿಲ್ಲಲಿಲ್ಲ. ನಿವಾಸಿಗಳ ಸಂಘದ ಅಧ್ಯಕ್ಷ ಸೊಣ್ಣಪ್ಪನವರು ಓಡಿ ಬಂದರು.

"ಮೇಡಮ್ಮೋರಿಗೆ ಸನ್ಮಾನ ಮಾಡ್ಲೇಬೇಕು ಸಾರ್!"

"ಅಯ್ಯೋ, ಅದೆಲ್ಲಾ ಯಾಕೆ ಬಿಡಿ," ಎಂದಳು ಇವಳು.

"ನೀನು ಸುಮ್ನಿರು," ಎಂದು ಒಪ್ಪಿಕೊಂಡವನು ನಾನೇ. ಸತಿಗೆ ಶಾಲು ಹೊದಿಸಿದರೆ ಅದರ ಒಂದು ಅಂಚಾದರೂ ಪತಿಯ ಹೆಗಲಿಗೆ ಬರಬೇಡವೇ?

ಭಾನುವಾರ ಪಾರ್ಕಿನಲ್ಲಿ ಶಾಲು, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಮೈಕು ಹಿಡಿದು ನಾನು ಗರ್ಜಿಸಿದೆ: "ಭಗೀರಥ ಗಂಗೆಯನ್ನು ತಂದ. ನನ್ನ ರಾಧಾಮಣಿ ಸೋಸಿ ಕಳಿಸುತ್ತಿದ್ದಾಳೆ!" ಚಪ್ಪಾಳೆಯೋ ಚಪ್ಪಾಳೆ. (ಈ ಸಾಲು ಹೊಳೆಯಲು ಟೆರೇಸಿನಲ್ಲಿ ಮೂರು ಸಿಗರೇಟು ಬೇಕಾದವು.)

ಸೊಣ್ಣಪ್ಪನವರು ಮೈಕನ್ನು ಅವಳತ್ತ ಚಾಚಿದರು. "ಕೆರೆ ಮೇಲೆ ಇಷ್ಟೊಂದು ಪ್ರೀತಿ ಹೆಂಗ್ ಬಂತಮ್ಮಾ?"

ರಾಧಾಮಣಿ ಪೇಟ ಸರಿಮಾಡಿಕೊಂಡು ನನ್ನ ಕಡೆ ನೋಡಿ ನಕ್ಕಳು.

"ಕೆರೆ ಆಮೇಲೆ ಕಣ್ರೀ. ನಮ್ಮನೆ ಟೆರೇಸ್ ಪೈಪಿಂದ ಎಷ್ಟು ಸಿಗರೇಟ್ ತುಂಡು ಬರುತ್ತೆ ಅಂತ ಎಣಿಸೋಕೆ ಹೋಗ್ತೀನಿ. ಮೊನ್ನೆ ಮಳೆಗೆ ಹದಿನೇಳು. ರೀ, ಬೆಳಗಿನ ಪಾತ್ರೆ ಸಿಂಕಲ್ಲೇ ಇದೆ."