ಕೊನೆಯ ಫೋಟೊದಲ್ಲಿ ಕಸ

ಧೂಳಿನ ಜೊತೆ ಜಗಳವಾಡದ ದಿನ ನನ್ನ ಕಸುಬಿನಲ್ಲಿ ಒಂದೂ ಇರಲಿಲ್ಲ. ಗೆದ್ದ ದಿನವೂ ಇರಲಿಲ್ಲ.

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ನನ್ನ ಸಣ್ಣ ಸ್ಟುಡಿಯೊ. ಕ್ಯಾಮೆರಾಕ್ಕೆ ಫಿಲ್ಮ್ ರೋಲ್ ಹಾಕುವ ಕಾಲ. ಆಗ ಎಷ್ಟೋ ಮನೆಗಳಲ್ಲಿ ಮನುಷ್ಯನ ಮೊದಲ ಫೋಟೊ ತೆಗೆಸುತ್ತಿದ್ದುದೇ ಅವನು ಸತ್ತ ಮೇಲೆ. ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ನನಗೆ ಹೇಳಿಕಳಿಸುತ್ತಿದ್ದರು. ಮದುವೆ ಫೋಟೊ ಕೆಟ್ಟರೆ ಗಂಡು ಹೆಣ್ಣನ್ನು ಮತ್ತೆ ನಿಲ್ಲಿಸಬಹುದು. ಇವರನ್ನು ಎಲ್ಲಿಂದ ಕರೆತರಲಿ? ಕ್ಯಾಮೆರಾದೊಳಗೆ ಒಂದೆಳೆ ನೂಲು ಕೂತರೂ ಆ ಮನೆಯವರ ಪಾಲಿಗೆ ಆ ಮುಖವೇ ಹೋದಂತೆ. ಅದೇ ನನ್ನ ಹೆದರಿಕೆ.

ರಬ್ಬರ್ ಉಂಡೆ

ನಂದೂರಿನಲ್ಲಿ ದಾಲ್ ಮಿಲ್ಲಿನ ಹಮಾಲನೊಬ್ಬ ತೀರಿಕೊಂಡಿದ್ದ. ಅಲ್ಲಿ ಗಾಳಿಯಲ್ಲೇ ತೊಗರಿ ಹೊಟ್ಟು. ರೋಲ್ ಹಾಕುವ ಮೊದಲು ರಬ್ಬರ್ ಉಂಡೆ ಹಿಚುಕಿ ಕ್ಯಾಮೆರಾದೊಳಗೆ ಗಾಳಿ ಬಿಡತೊಡಗಿದೆ. ಅವನ ಹೆಂಡತಿ ಅಳು ನಿಲ್ಲಿಸಿ ನೋಡಿದಳು.

"ಡಾಕ್ಟರ್ ಏನ್ರಿ?"

"ಅಲ್ಲವ್ವ, ಫೋಟೊದಾವ. ಇದು ಧೂಳು ತೆಗ್ಯಾಕ."

"ಒಂದ್ಸಲ ಅವರ ಮೂಗಿಗೂ ಊದಿ ನೋಡ್ರಲ್ಲ."

ಇಲ್ಲ ಅನ್ನಲು ಬಾಯಿ ಬರಲಿಲ್ಲ. ಊದಿದೆ. ಹಣೆಯ ವಿಭೂತಿ ಒಂದಿಷ್ಟು ಹಾರಿತು, ಅಷ್ಟೇ. ಆಕೆ ಹಣೆಯ ವಿಭೂತಿಯನ್ನು ಮತ್ತೆ ತೀಡಿದಳು. "ಇರ್ಲಿ ಬಿಡ್ರಿ. ಬ್ಯಾಸಗಿ ಅದ, ಅಷ್ಟು ಗಾಳಿ ಆದ್ರೂ ಆತು."

ಚುಕ್ಕೆ

ಮಹಾಗಾಂವದಲ್ಲಿ ಒಬ್ಬ ಮುದುಕಿ ತೀರಿಕೊಂಡಿದ್ದಳು. ಮಗಳ ಹತ್ತಿರ ತಾಯಿಯ ಫೋಟೊ ಬೇರೆ ಒಂದೂ ಇರಲಿಲ್ಲ. ಪ್ರಿಂಟ್ ಹಾಕಿ ನೋಡಿದರೆ ಮುಖದ ಮೇಲೆ ಹತ್ತಾರು ಕಪ್ಪು ಚುಕ್ಕೆ. ಎರಡು ದಿನ ಕೂತು ಬ್ಲೇಡಿನ ತುದಿಯಿಂದ ಒಂದೊಂದನ್ನೇ ಕೆರೆದು, ಮೇಲೆ ಬಣ್ಣ ಕೂಡಿಸಿದೆ.

ಮಗಳು ನೋಡಿ ಕಣ್ಣೊರೆಸಿಕೊಂಡಳು. "ಬಾಳ ಚಂದ ಬಂದದ್ರಿ. ಇವರ‍್ಯಾರ್ರಿ?"

ಧೂಳಿನ ಜೊತೆ ತಾಯಿಯ ಗಲ್ಲದ ನರೂಲಿಯನ್ನೂ ಕೆರೆದುಬಿಟ್ಟಿದ್ದೆ! ಸಣ್ಣವಳಿದ್ದಾಗ ಅದನ್ನು ಹಿಡಿದುಕೊಂಡೇ ಮಲಗುತ್ತಿದ್ದಳಂತೆ. ನಾಚಿಕೆಯಿಂದ ಕುಂಚ ತೆಗೆದೆ. ಆಕೆ ತೋರಿಸಿದ ಕಡೆ ಚುಕ್ಕೆ ಇಟ್ಟೆ. ಇಟ್ಟದ್ದೇ ತಡ, ಬೆರಳು ಹಚ್ಚಿದಳು. ಹಸಿ ಬಣ್ಣವೆಲ್ಲ ಬೆರಳಿಗೆ ಬಂತು.

"ಒಣಗೋತನ ಕೈ ಹಚ್ಚಬ್ಯಾಡವ್ವ" ಎಂದೆ.

ಅಳುತ್ತಲೇ ನಕ್ಕಳು. "ನಮ್ಮವ್ವನೂ ದಿನಾ ಇದೇ ಬೈತಿದ್ಲು, ತೆಗಿ ಕೈ ಅಂತ."

ಕಂಬಳಿ

ಕಮಲಾಪುರದ ಒಂದು ಮನೆ. ಯಜಮಾನನನ್ನು ಕೂಡಿಸಿ ಆರು ಫೋಟೊ ತೆಗೆದಿದ್ದೆ. ಏಳನೆಯದಕ್ಕೆ ರೋಲ್ ಸಿಕ್ಕಿಬಿತ್ತು. ಒಳಗೆ ಏನೋ ಎಳೆ ಹೊಕ್ಕಿರಬೇಕು. ಬೆಳಕಿನಲ್ಲಿ ಬಿಚ್ಚಿದರೆ ತೆಗೆದ ಆರೂ ಹಾಳಾಗುತ್ತಿದ್ದವು. ಹೆಣವನ್ನು ಜಳಕಕ್ಕೆ ಅಂಗಳಕ್ಕೆ ಒಯ್ದಿದ್ದರು. ಅದು ಕೂತಿದ್ದ ಜಾಗದಲ್ಲೇ ನಾನು ಕೂತು, ಎರಡು ಕರಿ ಕಂಬಳಿ ಮುಸುಕು ಹಾಕಿಕೊಂಡು ಕ್ಯಾಮೆರಾ ಬಿಚ್ಚಿದೆ. ನೂಲಿಗೆ ಹೆದರಿ ಉಣ್ಣೆಯೊಳಗೆ ಹೊಕ್ಕ ಜಾಣ ನಾನು.

ಆಗ ಯಾರೋ ಬಂದು ನನ್ನನ್ನು ತಬ್ಬಿಕೊಂಡು ಗೋಳೋ ಎಂದರು. ಸತ್ತವನ ತಮ್ಮ. "ಅಣ್ಣಾ, ತಪ್ಪಾಗ್ಯಾದೋ. ಎರಡು ವರ್ಷ ನಿನಗ ಮಾತಾಡ್ಸಿಲ್ಲ. ಒಂದ್ಸಲ ಮಾಫ್ ಮಾಡೋ!"

ಕಂಬಳಿ ಸರಿಸಿ ಎದ್ದರೆ ಬೆಳಕು ತಾಗಿ ರೋಲಿನಲ್ಲಿದ್ದ ಅವನ ಅಣ್ಣನ ಮುಖವೇ ಸುಟ್ಟುಹೋಗುತ್ತದೆ. ಸುಮ್ಮನಿದ್ದೆ. ಅವನು ಕಾಲು ಹಿಡಿದ, ಹಣೆ ಬಡಿದುಕೊಂಡ. ನನಗೂ ಒಬ್ಬ ತಮ್ಮನಿದ್ದಾನೆ. ತಡೆಯಲಾಗಲಿಲ್ಲ. ಕಂಬಳಿಯೊಳಗಿಂದ ಮೆಲ್ಲಗೆ ಅಂದುಬಿಟ್ಟೆ: "ಇರ್ಲಿ ಬಿಡೋ."

ಅವನ ಅಳು ಗಕ್ಕನೆ ನಿಂತಿತು. ನಮಸ್ಕಾರ ಮಾಡಿ ಅಂಗಳಕ್ಕೆ ಹೋದ. ಅಲ್ಲಿ ಅಣ್ಣನಿಗೆ ನೀರು ಹಾಕುತ್ತಿದ್ದರು.

ಹದಿನೈದು ದಿನದ ಮೇಲೆ ಫೋಟೊ ಒಯ್ಯಲು ಅವನೇ ಸ್ಟುಡಿಯೊಕ್ಕೆ ಬಂದ. ಪ್ರಿಂಟಿನಲ್ಲಿ ಉಣ್ಣೆಯ ಎಳೆಗಳಿದ್ದವು, ಮುಖ ಮಾತ್ರ ಉಳಿದಿತ್ತು. ನಾನು ತಪ್ಪೊಪ್ಪಿಕೊಳ್ಳುವ ಮೊದಲೇ ಅವನು ಬಾಗಿಲು ನೋಡಿ ದನಿ ತಗ್ಗಿಸಿದ.

"ಅವತ್ತು 'ಇರ್ಲಿ ಬಿಡೋ' ಅಂದಾವ ನೀವೇ ಅಂತ ನಂಗ ಗೊತ್ತದ್ರಿ. ಖರೇ ಯಾರಿಗೂ ಹೇಳಬ್ಯಾಡ್ರಿ. ನಮ್ಮತ್ತಿಗಿ ಆ ಮಾತು ಒಳಗಿಂದ ಕೇಳ್ಯಾಳ. ಅಣ್ಣ ಮಾಫ್ ಮಾಡ್ಯಾನಂತ, ಮತ್ತ ಊಟಕ್ಕ ಕರ‍್ಯಾಕತ್ಯಾಳ."