ಪಿಸುಮಾತಿನ ಕುಸ್ತಿ

"ಇವತ್ತು ಒಂದು ಗಂಟೆ ಹೊತ್ತು ಈ ಮನೇಲಿ ಉಸಿರಾಡೋ ಸದ್ದು ಕೂಡ ಕೇಳಿಸಲ್ಲ. ಇದು ನನ್ನ ಪ್ರತಿಜ್ಞೆ!"

ಭಾನುವಾರ ಬೆಳಗ್ಗೆ ಹಲ್ಲುಜ್ಜುವ ಬ್ರಷ್ಷನ್ನು ಕತ್ತಿಯ ಹಾಗೆ ಮೇಲೆತ್ತಿ ಮೈಕಣ್ಣ ಹೀಗೆಂದು ಸಾರಿದ. ಅದೆಂಥ ಭರ್ಜರಿ ಸಾರಣೆಯೆಂದರೆ, ಮೇಲಿನ ಮಹಡಿಯವರು ಕಿಟಕಿ ತೆರೆದು ಏನಾಯಿತೆಂದು ವಿಚಾರಿಸಿದರು.

ಮೈಕಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಅವನು ಬಸ್ ನಿಲ್ದಾಣದಲ್ಲಿ ಅನೌನ್ಸರ್. ಯಾವ ಬಸ್ಸು ಎಲ್ಲಿ ಬಂದು ನಿಲ್ಲುತ್ತದೆ, ಯಾವುದು ತಡ, ಯಾರ ಚೀಲ ಯಾವ ಬೆಂಚಿನ ಮೇಲೆ ಅನಾಥವಾಗಿ ಕೂತಿದೆ, ಎಲ್ಲವನ್ನೂ ಮೈಕಿನಲ್ಲಿ ಹೇಳುವುದು ಅವನ ಕೆಲಸ. ಮೈಕು ಕೆಟ್ಟ ದಿನಗಳಲ್ಲೂ ಕೆಲಸ ನಿಂತದ್ದಿಲ್ಲ. ಕೆಟ್ಟಿದೆ ಎಂಬುದೇ ಪ್ರಯಾಣಿಕರಿಗೆ ಗೊತ್ತಾಗುತ್ತಿರಲಿಲ್ಲ. ಅಂಥ ಗಂಟಲನ್ನು ಒಂದು ಗಂಟೆ ಮುಚ್ಚಿಡುವುದೆಂದರೆ ಅಣೆಕಟ್ಟಿಗೆ ಬಾಟಲಿ ಬಿರಡೆ ಹಾಕಿದಂತೆ. ಆದರೂ ಅವನು ಒಪ್ಪಿದ್ದ, ಮನಸಾರೆ ಒಪ್ಪಿದ್ದ. ಕಾರಣ ಹೆಂಡತಿ.

ಅವಳು ಊರಿನ ದೊಡ್ಡ ಗ್ರಂಥಾಲಯದಲ್ಲಿ ಸಹಾಯಕಿ. ಅಂದು ಮುಖ್ಯ ಗ್ರಂಥಪಾಲಕಿಯ ಹುದ್ದೆಗೆ ಅವಳ ಸಂದರ್ಶನ, ಮನೆಯಿಂದಲೇ ಕಂಪ್ಯೂಟರಿನಲ್ಲಿ. ಕಳೆದ ವರ್ಷವೂ ಕೂತಿದ್ದಳು. ಎಲ್ಲ ಪ್ರಶ್ನೆಗೂ ಪಟಪಟನೆ ಉತ್ತರ ಕೊಟ್ಟಿದ್ದಳು. ಕೊನೆಗೆ ಸಂದರ್ಶಕರು, ನೀವು ತುಂಬ ಮೆತ್ತಗಿನವರು, ಅಷ್ಟು ದೊಡ್ಡ ಓದುವ ಕೋಣೆಯನ್ನು ಹದ್ದುಬಸ್ತಿನಲ್ಲಿಡಲು ನಿಮ್ಮ ದನಿ ಸಾಲದು ಎಂದು ಕೈಬಿಟ್ಟಿದ್ದರು. ಅವಳು ಅಳಲಿಲ್ಲ, ದೂರಲಿಲ್ಲ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಒರೆಸಿ, ಎತ್ತರದ ಪ್ರಕಾರ ಜೋಡಿಸಿಟ್ಟಳು. ಆ ಸಾಲನ್ನು ನೋಡಿದಾಗಲೆಲ್ಲ ಮೈಕಣ್ಣ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಮನೆಯಲ್ಲಿರುವ ಸದ್ದನ್ನೆಲ್ಲ ತಾನೊಬ್ಬನೇ ಬಳಸಿಕೊಂಡು ಅವಳ ಪಾಲಿಗೆ ಏನೂ ಉಳಿಸಲಿಲ್ಲವೇನೋ ಎಂಬ ಅನುಮಾನ ಅವನಿಗೆ.

ಹಾಗಾಗಿ ಬೆಳಗ್ಗಿನಿಂದಲೇ ಏರ್ಪಾಡು ಜೋರು. ಕರೆಗಂಟೆಯ ತಂತಿ ಬಿಚ್ಚಿದ. ಟಿಕ್ ಟಿಕ್ ಅನ್ನುವ ಗಡಿಯಾರವನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟ. ಮಿಕ್ಕಿದ್ದು ಮಲಗುವ ಕೋಣೆಯ ಬಾಗಿಲೊಂದೇ. ಅದರ ಚಿಲಕ ಕೆಟ್ಟು ಎಷ್ಟೋ ಕಾಲವಾಗಿತ್ತು, "ನಾಳೆ ಸರಿ ಮಾಡ್ತೀನಿ" ಎಂದು ಮೈಕಣ್ಣ ಹೇಳುತ್ತಲೇ ಬಂದಿದ್ದ. ಈಗ ರಟ್ಟಿನ ತುಂಡೊಂದನ್ನು ಮಡಚಿ ಸಂದಿಗೆ ತುರುಕಿ, ಆನೆ ಬಂದು ತಳ್ಳಿದರೂ ತೆರೆಯುವುದಿಲ್ಲ ಎಂದು ಬೀಗಿದ.

ಹೆಂಡತಿ ಇಸ್ತ್ರಿ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು, ಬಾಗಿಲಿಗೆ ಬೆನ್ನು ಹಾಕಿ ಕೂತಳು. ಇನ್ನೊಂದು ದಿಕ್ಕಿಗೆ ಕೂತರೆ ಗಂಡ ಕುರ್ಚಿಯ ಮೇಲೆ ಒಟ್ಟಿದ್ದ ಬಟ್ಟೆಯ ಗುಡ್ಡ ಕ್ಯಾಮೆರಾಕ್ಕೆ ಕಾಣುತ್ತಿತ್ತು. ಒಳಗೆ ಹೋಗುವ ಮುನ್ನ ಅವಳು ಹೇಳಿದ್ದು ಒಂದೇ ಮಾತು.

"ರೀ, ನೀವು ನಂಗೆ ಏನೂ ಸಹಾಯ ಮಾಡ್ಬೇಡಿ. ಸುಮ್ನಿರಿ, ಸಾಕು."

ಸುಮ್ಮನಿರುವುದಕ್ಕೆ ಕೂತು ಇನ್ನೂ ಆಸನ ಬಿಸಿಯಾಗಿರಲಿಲ್ಲ, ಭಾಮೈದ ಬಂದ. ಹೆಂಡತಿಯ ತಮ್ಮ. ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಈಜುಮೇಷ್ಟ್ರು. ಕೊರಳಲ್ಲಿ ಸದಾ ಒಂದು ಸೀಟಿ. ಸ್ನಾನಕ್ಕೂ ಅದನ್ನು ತೆಗೆಯುವುದಿಲ್ಲವೆಂದು ಅವನ ಅಕ್ಕನೇ ಹೇಳುತ್ತಿದ್ದಳು. ಪ್ರತಿ ಭಾನುವಾರ ಟಿವಿಯಲ್ಲಿ ಬರುವ ಕುಸ್ತಿಯನ್ನು ಭಾವನ ಜೊತೆ ಕೂತು ನೋಡದಿದ್ದರೆ ಅವನಿಗೆ ವಾರ ಮುಗಿದಂತಾಗುತ್ತಿರಲಿಲ್ಲ.

ಮೈಕಣ್ಣ ತುಟಿಯ ಮೇಲೆ ಬೆರಳಿಟ್ಟು, ಕೋಣೆಯ ಕಡೆ ಕೈ ತೋರಿಸಿ, ಕಣ್ಣು ಹುಬ್ಬುಗಳಲ್ಲೇ ಎಲ್ಲವನ್ನೂ ವಿವರಿಸಿದ. ಈಜುಮೇಷ್ಟ್ರು ಅರ್ಥ ಮಾಡಿಕೊಂಡು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಒಳಗೆ ಬಂದ. ಟಿವಿಯ ಸದ್ದು ಪೂರ್ತಿ ಅಡಗಿಸಿ ಇಬ್ಬರೂ ಸೋಫಾದ ಮೇಲೆ ಸಾಧುಗಳ ಹಾಗೆ ಕೂತರು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು.

ಟಿವಿಯಲ್ಲಿ ಪ್ರೊಫೆಸರ್ ಪ್ರಚಂಡ ಎಂಬ ಪೈಲ್ವಾನ ಅಖಾಡಕ್ಕೆ ಬಂದ. ಕನ್ನಡಕ ತೆಗೆದ, ಒರೆಸಿದ, ಪೆಟ್ಟಿಗೆಯಲ್ಲಿಟ್ಟ. ಎದುರಿಗೆ ಮಂಕುಗೂಳಿ ಎಂಬ ಇನ್ನೊಬ್ಬ ಪೈಲ್ವಾನ. ಬಾಯಿ ತೆರೆದುಕೊಂಡು ಚಾವಣಿಯ ದೀಪಗಳನ್ನು ನೋಡುತ್ತ ನಿಂತಿದ್ದ.

ಮೈಕಣ್ಣನಿಗೆ ತಡೆಯಲಾಗಲಿಲ್ಲ. "ಇಡೀ ಕುಸ್ತಿ ಲೋಕದಲ್ಲಿ ಬುದ್ಧಿವಂತ ಅಂದ್ರೆ ಇವನೊಬ್ನೇ ಕಣೋ" ಎಂದು ಪಿಸುಗುಟ್ಟಿದ.

ಅವನ ಪಿಸುಮಾತಿನ ವಿಷಯ ಇಲ್ಲಿ ಹೇಳಿಬಿಡಬೇಕು. ಬೇರೆಯವರ ಸಾಧಾರಣ ಮಾತಿಗೂ ಅವನ ಪಿಸುಮಾತಿಗೂ ಇದ್ದ ವ್ಯತ್ಯಾಸ ಒಂದೇ, ಅವನದರಲ್ಲಿ ಗಾಳಿ ಜಾಸ್ತಿ. ಇದು ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಈಜುಮೇಷ್ಟ್ರಿಗೆ ಕೆಣಕಿದಂತಾಯಿತು. ಕನ್ನಡಕ ಹಾಕಿದವರೆಲ್ಲ ಬುದ್ಧಿವಂತರಾದರೆ, ಕನ್ನಡಕ ಹಾಕಿಕೊಂಡೇ ತನ್ನ ಕೊಳಕ್ಕೆ ಹಾರುವವರನ್ನು ಏನೆನ್ನಬೇಕೆಂದು ಕೇಳಿದ. ನಿಜವಾದ ಬುದ್ಧಿವಂತ ಮಂಕುಗೂಳಿಯೇ ಎಂದ. ಅವನ ವಾದ ಹೀಗಿತ್ತು: ಮಂಕುಗೂಳಿ ಇಷ್ಟು ವರ್ಷಗಳಿಂದ ಪೆದ್ದನ ಹಾಗೆ ನಟಿಸುತ್ತಿದ್ದಾನೆ, ಒಂದು ಸಲವಾದರೂ ಸಿಕ್ಕಿಬಿದ್ದಿದ್ದಾನೆಯೇ?

"ನಟನೆ ಅಂತ ನಿಂಗೆ ಹೇಗೆ ಗೊತ್ತು?" ಎಂದ ಮೈಕಣ್ಣ. "ನಿಜವಾಗ್ಲೂ ಪೆದ್ದನೇ ಇರಬಹುದು."

"ನೋಡಿದ್ರಾ ಭಾವ, ನಿಮ್ಮನ್ನೂ ನಂಬಿಸಿಬಿಟ್ಟಿದಾನೆ."

ಮೈಕಣ್ಣನಿಗೆ ಮೈಯೆಲ್ಲ ಉರಿಯಿತು. ಚರ್ಚೆ ಕಾವೇರಿತು. ಪ್ರೊಫೆಸರ್ ಪ್ರಚಂಡ ಹೊಡೆಯುವ ಮೊದಲು ಯೋಚಿಸುತ್ತಾನೆ ಎಂದು ಇವನು. ಯೋಚಿಸುತ್ತ ನಿಂತಾಗಲೇ ಅಲ್ಲವೇ ಅವನಿಗೆ ಏಟು ಬೀಳುವುದು ಎಂದು ಅವನು. ಮಂಕುಗೂಳಿ ವಾರವಾರ ಹಗ್ಗದ ಮೇಲಿಂದ ಕೆಳಗೆ ಬೀಳುತ್ತಾನೆ, ಒಂದು ಮೂಳೆಯೂ ಮುರಿದಿಲ್ಲ, ಹಾಗೆ ಬೀಳುವುದಕ್ಕೆ ಎಷ್ಟು ತಲೆ ಬೇಕು ಎಂದು ಈಜುಮೇಷ್ಟ್ರು. ತಲೆ ಬೇಕು ನಿಜ, ಯಾಕೆಂದರೆ ಅವನು ಬೀಳುವುದೇ ತಲೆಯ ಮೇಲೆ ಎಂದು ಮೈಕಣ್ಣ. ಎಲ್ಲವೂ ಪಿಸುಮಾತಿನಲ್ಲೇ! ಕೊರಳ ನರಗಳು ಉಬ್ಬಿದ್ದವು, ಮುಖ ಕೆಂಪೇರಿತ್ತು, ದನಿ ಮಾತ್ರ ತಗ್ಗಿಸಿದ್ದೇವೆಂದು ಇಬ್ಬರೂ ನಂಬಿದ್ದರು.

ಕೊನೆಗೆ ಮೈಕಣ್ಣ ತನ್ನ ಬ್ರಹ್ಮಾಸ್ತ್ರ ತೆಗೆದ. ಪ್ರೊಫೆಸರ್ ಪ್ರಚಂಡ ಸ್ವತಃ ಕಂಡುಹಿಡಿದ ಪಟ್ಟು ಒಂದಿತ್ತು, ಅದಕ್ಕೆ ಚಕ್ರಬೀಗ ಎಂದು ಹೆಸರು. ಎದುರಾಳಿಯ ಕಾಲನ್ನು ತನ್ನ ಮಂಡಿಯ ಹಿಂದೆ ಸಿಕ್ಕಿಸಿ, ಕೈಯನ್ನು ಅವನ ಕುತ್ತಿಗೆಯ ಸುತ್ತ ತಂದು ಬಿಗಿದರೆ ಮುಗಿಯಿತು, ಪೈಲ್ವಾನ ಅಲ್ಲಾಡುವಂತಿಲ್ಲ. ಇದನ್ನು ಕಂಡುಹಿಡಿದವನು ಬುದ್ಧಿವಂತನಲ್ಲದೆ ಮತ್ತೇನು?

"ಟಿವೀಲಿ ಎಲ್ಲಾ ಆಗುತ್ತೆ ಭಾವ. ನಿಜವಾಗ್ಲೂ ಆಗಲ್ಲ."

"ಮಲಕ್ಕೋ ಕೆಳಗೆ, ತೋರಿಸ್ತೀನಿ."

ಸೋಫಾವನ್ನು ಎತ್ತಿ, ಹೌದು, ಸದ್ದಾಗದಂತೆ ಎತ್ತಿ, ಕಿಟಕಿಯ ಪರದೆಯ ಬಳಿ ಇಟ್ಟರು. ಈಜುಮೇಷ್ಟ್ರು ಚಾಪೆಯ ಮೇಲೆ ಮಲಗಿದ. ಮೈಕಣ್ಣ ಟಿವಿಯಲ್ಲಿ ನೋಡಿದ್ದನ್ನು ನೆನಪಿಸಿಕೊಳ್ಳುತ್ತ ಒಂದೊಂದೇ ಅಂಗವನ್ನು ಹೆಣೆಯತೊಡಗಿದ. ಬಲಗಾಲು ಇಲ್ಲಿ, ಎಡಗಾಲು ಅಲ್ಲಿ, ಕೈ ಹೀಗೆ. ಒಂದು ಕ್ಷಣ ಕಳೆಯುವಷ್ಟರಲ್ಲಿ ಚಕ್ರಬೀಗ ಬಿದ್ದೇಬಿಟ್ಟಿತು. ಮೈಕಣ್ಣನ ಎದೆ ಹೆಮ್ಮೆಯಿಂದ ಉಬ್ಬಿತು. ಉಬ್ಬಿದ ಎದೆಯಿಂದಾಗಿ ಪಟ್ಟು ಇನ್ನೂ ಬಿಗಿಯಾಯಿತು.

"ಆಯ್ತು ಭಾವ, ಬಿಡಿ" ಎಂದ ಈಜುಮೇಷ್ಟ್ರು.

ಮೈಕಣ್ಣ ಬಿಡಲು ನೋಡಿದ. ಕಾಲು ಬರಲಿಲ್ಲ. ಕೈ ಎಳೆದ, ಅದು ಭಾಮೈದನ ಕಂಕುಳಲ್ಲಿ ಸಿಕ್ಕಿತ್ತು. ಬಿಡಿಸುವುದು ಹೇಗೆಂದು ಟಿವಿಯಲ್ಲಿ ತೋರಿಸಿದ್ದರೇನೋ, ಆದರೆ ಅಷ್ಟರಲ್ಲಿ ಅವನು ಯಾವಾಗಲೂ ಗೆದ್ದ ಖುಷಿಗೆ ಸೋಫಾದ ಮೇಲೆ ಕುಣಿಯುತ್ತಿರುತ್ತಿದ್ದ. ಪಟ್ಟು ಹಾಕಿದವನೂ ಹಾಕಿಸಿಕೊಂಡವನೂ ಒಂದೇ ಗಂಟಿನಲ್ಲಿ ಬಿದ್ದಿದ್ದರು.

ಈಜುಮೇಷ್ಟ್ರಿಗೆ ನೋವು ನೆತ್ತಿಗೇರಿತು. ಟಿವಿಯಲ್ಲಿ ಸೋತ ಪೈಲ್ವಾನರು ಮಾಡುವಂತೆ ನೆಲಕ್ಕೆ ಬಡಿದು ಸೋಲೊಪ್ಪಲು ಬಿಡುವಾಗಿದ್ದ ಕೈಯನ್ನು ಮೇಲೆತ್ತಿದ. ನೆಲ ಬಡಿದರೆ ಸದ್ದಾಗುತ್ತದೆ! ಮೈಕಣ್ಣ ತನ್ನ ಬಿಡುವಾಗಿದ್ದ ಕೈಯಿಂದ ಅದನ್ನು ಗಾಳಿಯಲ್ಲೇ ಹಿಡಿದುಕೊಂಡ. ಸೋಲೊಪ್ಪಿಕೊಳ್ಳುವುದಕ್ಕೂ ಅವಕಾಶವಿಲ್ಲದ ಕುಸ್ತಿ ಎಂದರೆ ಲೋಕದಲ್ಲಿ ಅದೊಂದೇ ಇರಬೇಕು.

ಇಬ್ಬರೂ ಹೊರಳಿದರು. ಹೊರಳಿದಾಗ ಮೈಕಣ್ಣನ ಪಾದಕ್ಕೆ ಪರದೆಯ ಅಂಚು ಸುತ್ತಿಕೊಂಡಿತು. ಇನ್ನೊಮ್ಮೆ ಹೊರಳಿದರು. ಆಗ ಈಜುಮೇಷ್ಟ್ರ ಕೊರಳಿನ ಸೀಟಿ ಜಾರಿ ನೇರವಾಗಿ ಮೈಕಣ್ಣನ ಬಾಯಿಗೆ ಬಂದು ಕೂತಿತು. ಉಗುಳೋಣವೆಂದರೆ ಮುಖ ಭಾಮೈದನ ಎದೆಗೆ ಒತ್ತಿಕೊಂಡಿತ್ತು. ಮೂಗು ಅವನ ಅಂಗಿಯಲ್ಲಿ ಹುದುಗಿತ್ತು. ಉಸಿರು ಬಿಡಲು ಉಳಿದ ದಾರಿ ಒಂದೇ, ಅದರಲ್ಲಿ ಸೀಟಿ.

ಮೈಕಣ್ಣ ಉಸಿರು ಬಿಗಿಹಿಡಿದ. ಅವನ ಕಣ್ಣ ಮುಂದೆ ಆ ಡಬ್ಬಿಗಳ ಸಾಲು ಬಂತು. ಬಾಗಿಲ ಆಚೆಯಿಂದ ಹೆಂಡತಿಯ ಮೆಲುದನಿ ಕೇಳುತ್ತಿತ್ತು, ಎಷ್ಟು ಸ್ಪಷ್ಟ, ಎಷ್ಟು ಸಮಾಧಾನ. ದೇವರೇ, ಇನ್ನು ಸ್ವಲ್ಪ ಹೊತ್ತು, ಇವಳಿಗೆ ಈ ಸಲ ಸಿಕ್ಕಿಬಿಡಲಿ ಎಂದು ಬೇಡಿಕೊಂಡ. ಕಣ್ಣು ಉಬ್ಬಿದವು, ಕಿವಿ ಗುಯ್ಗುಟ್ಟಿತು. ಬಸ್ ನಿಲ್ದಾಣವನ್ನೇ ನಡುಗಿಸುವ ಶ್ವಾಸಕೋಶಗಳು ಎಷ್ಟು ಹೊತ್ತು ತಾನೇ ಸುಮ್ಮನಿದ್ದಾವು?

ಪೀ...ಈ...ಈ...!

ಸೀಟಿ ಕೇಳಿದ್ದೇ ತಡ, ಅಭ್ಯಾಸಬಲದಿಂದ ಈಜುಮೇಷ್ಟ್ರು ನೀರಿಗೆ ಹಾರುವವನಂತೆ ಮೈ ಚಿಮ್ಮಿಸಿದ. ಮೈಕಣ್ಣನ ಕಾಲು ಪರದೆಯನ್ನು ಎಳೆಯಿತು, ಪರದೆ ಸರಳನ್ನು ಎಳೆಯಿತು, ಸರಳು ಗೋಡೆಯ ಗಾರೆ ಸಮೇತ ಕಿತ್ತುಬಂದು ನೆಲಕ್ಕೆ ಅಪ್ಪಳಿಸಿತು. ಉಂಗುರಗಳು ಠಣಠಣನೆ ಮನೆಯೆಲ್ಲ ಉರುಳಿದವು. ಆ ಅದುರುವಿಕೆಗೆ ರಟ್ಟಿನ ತುಂಡು ಮೆಲ್ಲಗೆ ಕಳಚಿತು. ಆನೆ ತಳ್ಳಿದರೂ ತೆರೆಯದ ಬಾಗಿಲು ತಾನಾಗಿ ತೆರೆದುಕೊಂಡಿತು.

ಕಂಪ್ಯೂಟರಿನ ಪರದೆಯ ಮೇಲೆ ಮೂರು ಮುಖಗಳು. ನಡುವೆ ನರೆಗೂದಲಿನ ಅಧ್ಯಕ್ಷೆ, ಆಚೀಚೆ ಇಬ್ಬರು ಸದಸ್ಯರು. ಮೂವರೂ ಹೆಂಡತಿಯ ಹೆಗಲ ಮೇಲಿಂದ ಇವರನ್ನೇ ನೋಡುತ್ತಿದ್ದರು. ಕಿಟಕಿಯ ಪರದೆ ಹೊದ್ದ ನಾಲ್ಕು ಕಾಲಿನ ಪ್ರಾಣಿಯೊಂದು ಸೀಟಿ ಊದುತ್ತಿದ್ದ ದೃಶ್ಯ.

ಹೆಂಡತಿ ತಿರುಗಿದಳು, ಎದ್ದು ನಿಂತಳು. ಕೂಗಲಿಲ್ಲ, ಒಂದು ಮಾತೂ ಆಡಲಿಲ್ಲ. ಒಂದು ಬೆರಳನ್ನು ತುಟಿಯ ಮೇಲಿಟ್ಟು ಇಬ್ಬರನ್ನೂ ಸುಮ್ಮನೆ ನೋಡಿದಳು, ಅಷ್ಟೆ. ಸೀಟಿ ಅರ್ಧಕ್ಕೇ ನಿಂತಿತು. ಅವಳ ಬೆರಳು ತುಟಿಯಿಂದ ಇಳಿದು ತಮ್ಮನ ತೋಳನ್ನು ತೋರಿಸಿತು. ಅವನು ತೋಳು ಸಡಿಲಿಸಿದ. ಗಂಡನ ಮಂಡಿಯನ್ನು ತೋರಿಸಿತು. ಅವನು ಕಾಲು ಚಾಚಿದ. ಚಕ್ರಬೀಗ ಬಿಚ್ಚಿಕೊಂಡಿತು. ಆ ನೋಟವನ್ನು ಮೈಕಣ್ಣ ಇಷ್ಟು ವರ್ಷ ಸಂಸಾರ ಮಾಡಿಯೂ ನೋಡಿರಲಿಲ್ಲ. ಗ್ರಂಥಾಲಯಕ್ಕೆ ಬರುವವರು ದಿನಾ ನೋಡಿರಬೇಕು. ಅವಳು ಬಾಗಿಲು ಎಳೆದುಕೊಂಡು, ರಟ್ಟನ್ನು ತಾನೇ ಸಿಕ್ಕಿಸಿದಳು. ಈ ಸಲ ಅದು ಅಲ್ಲಾಡಲಿಲ್ಲ.

ಹೊರಗೆ ಇಬ್ಬರೂ ತಲೆಯ ಮೇಲೆ ಕೈ ಹೊತ್ತು ಕೂತರು. ಮೈಕಣ್ಣನ ಕುತ್ತಿಗೆ ಒಂದೇ ಕಡೆ ತಿರುಗಿ ನಿಂತಿತ್ತು, ಆದರೆ ಅದಕ್ಕಿಂತ ಹೆಚ್ಚು ನೋಯುತ್ತಿದ್ದದ್ದು ಎದೆ. ಅವಳ ಎರಡನೆಯ ಅವಕಾಶವನ್ನೂ ಕೈಯಾರೆ ಹಾಳುಮಾಡಿದೆನಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಕಡೆಗೂ ಹೆಂಡತಿ ಹೊರಗೆ ಬಂದಳು. ಬಿದ್ದ ಸರಳನ್ನು ನೋಡಿದಳು, ಗೋಡೆಯ ತೂತುಗಳನ್ನು ನೋಡಿದಳು.

"ಕೊನೇ ಪ್ರಶ್ನೆ ಏನು ಕೇಳಿದ್ರು ಗೊತ್ತಾ?" ಎಂದಳು. "ಓದೋ ಕೋಣೇಲಿ ಇಬ್ಬರು ಜಗಳಕ್ಕೆ ನಿಂತ್ರೆ ಹೇಗೆ ಸುಮ್ಮನಾಗಿಸ್ತೀರಿ ಅಂತ. ನಾನು ಬಾಯಿ ತೆಗೆಯೋ ಹೊತ್ತಿಗೆ ಸರಿಯಾಗಿ ಸೀಟಿ ಕೂಗಿತು."

ಮೈಕಣ್ಣ ತಲೆ ಎತ್ತಲು ಹೋದ. ಕುತ್ತಿಗೆ ಬಿಡಲಿಲ್ಲ.

"ನಾನು ವಾಪಸ್ ಬಂದು ಕೂತಾಗ, ಉತ್ತರ ಸಿಕ್ತು, ಬರೋ ತಿಂಗಳಿಂದ ನೀವೇ ಮುಖ್ಯಸ್ಥೆ ಅಂದ್ರು."

ಈಜುಮೇಷ್ಟ್ರು ಸದ್ದಿಲ್ಲದೆ ಅಕ್ಕನ ಕೈಯನ್ನು ಗೆದ್ದ ಪೈಲ್ವಾನನ ಕೈಯಂತೆ ಮೇಲೆತ್ತಿ ಹಿಡಿದ. ಮೈಕಣ್ಣ ಅಳುತ್ತಲೇ ನಕ್ಕ. ಇಡೀ ಬೀದಿಗೆ ಸಾರಿಬಿಡಬೇಕೆಂದು ಎದ್ದು ನಿಂತ. ಹೆಂಡತಿ ಇನ್ನೂ ಮುಗಿಸಿರಲಿಲ್ಲ.

"ನಿಮ್ಮ ಪಿಸುಮಾತು ಅವರಿಗೆ ಮೊದಲಿಂದಾನೂ ಕೇಳಿಸ್ತಾ ಇತ್ತಂತೆ, ಒಂದಕ್ಷರ ಬಿಡದೆ. ಅಧ್ಯಕ್ಷೆಯವರೂ ಭಾನುವಾರದ ಕುಸ್ತಿ ತಪ್ಪಿಸಲ್ವಂತೆ. ಪ್ರೊಫೆಸರೂ ಅಲ್ಲ, ಗೂಳೀನೂ ಅಲ್ಲ, ಅಲ್ಲಿ ಬುದ್ಧಿ ಇರೋದು ಒಂದೇಟೂ ತಿನ್ನದೆ ಇಬ್ಬರನ್ನೂ ಬಿಡಿಸೋ ರೆಫರಿಗೆ ಅಂದ್ರು. ಅಂಥವರೇ ನಮಗೂ ಬೇಕಾಗಿತ್ತು ಅಂದ್ರು."

ರೆಫರಿಯನ್ನು ಪೈಲ್ವಾನರ ಲೆಕ್ಕಕ್ಕೆ ಸೇರಿಸಲು ಸಾಧ್ಯವೇ ಇಲ್ಲವೆಂದು ಮೈಕಣ್ಣ ಬಾಯಿ ತೆರೆದ. ಹೆಂಡತಿಯ ಬೆರಳು ತುಟಿಯ ಕಡೆ ಹೊರಟಿತು, ತಲುಪುವ ಮೊದಲೇ ಬಾಯಿ ಮುಚ್ಚಿಕೊಂಡಿತು.

"ಇನ್ನೊಂದು ಹೇಳಿ ಕಳಿಸಿದ್ದಾರೆ" ಎಂದಳು ಅವಳು. "ಚಕ್ರಬೀಗ ಹಾಕುವಾಗ ನೀವು ಎಡಗಾಲು ತಪ್ಪು ಜಾಗದಲ್ಲಿ ಇಟ್ಟಿದ್ರಂತೆ. ಅದಕ್ಕೇ ಸಿಕ್ಕಿಹಾಕ್ಕೊಂಡಿದ್ದು."

ಮೈಕಣ್ಣ ಮುಚ್ಚಿದ ಬಾಗಿಲಿನ ಕಡೆ ನೋಡಿದ, ಭಾಮೈದನ ಕಡೆ ನೋಡಿದ. ಆಮೇಲೆ ಹೆಂಡತಿಯ ಕಿವಿಯ ಬಳಿ ಬಾಗಿ, ಹುಟ್ಟಿದಂದಿನಿಂದ ಮೊದಲ ಬಾರಿಗೆ, ಪಕ್ಕದಲ್ಲಿದ್ದ ಭಾಮೈದನಿಗೂ ಕೇಳಿಸದಷ್ಟು ಮೆಲ್ಲಗೆ ಕೇಳಿದ:

"ಮತ್ತೆ ಎಲ್ಲಿ ಇಡಬೇಕಿತ್ತಂತೆ?"